ರಜೆಯಲ್ಲಿ ಮಕ್ಕಳ ಜೊತೆ ಗಟ್ಟಿಯಾಗಿ ಓದುವ ರೂಢಿ: ಶುರು ಮಾಡೋದು ಹೇಗೆ, ನಿಲ್ಲದ ಹಾಗೆ ನೋಡಿಕೊಳ್ಳೋದು ಹೇಗೆ

ರಜೆ ಹತ್ತಿರ ಬಂದಾಗಲೆಲ್ಲ ಇದೇ ಪ್ರಶ್ನೆ ಬರುತ್ತದೆ. "ಮಕ್ಕಳಿಗೆ ದಿನಾ ಕಥೆ ಓದಿ ಹೇಳಬೇಕು ಅಂತ ಹುಮ್ಮಸ್ಸಿನಿಂದ ಶುರು ಮಾಡುತ್ತೇವೆ, ಮೂರ್ನಾಲ್ಕು ದಿನಕ್ಕೆ ನಿಂತೇ ಹೋಗುತ್ತದೆ, ಏನು ಮಾಡೋದು?" ಇನ್ನು ಕೆಲವರದು ಬೇರೆ ಥರ. ಹಬ್ಬಕ್ಕೆ ಮನೆಮಂದಿಯೆಲ್ಲ ಸೇರುತ್ತಾರೆ, ಊಟ ಆಗುತ್ತದೆ, ಆಮೇಲೆ ಒಬ್ಬೊಬ್ಬರೂ ಒಂದೊಂದು ಮೂಲೆಯಲ್ಲಿ ಫೋನ್ ಹಿಡಿದು ಕೂರುತ್ತಾರೆ, ಚಿಕ್ಕವರೂ ದೊಡ್ಡವರೂ ಸೇರಿ ಮಾಡುವಂಥದ್ದು ಏನಾದರೂ ಇದೆಯಾ ಅಂತ. ಇಬ್ಬರಿಗೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಓದು ನಿಂತು ಹೋದರೆ ಎಲ್ಲರೂ ಮಕ್ಕಳನ್ನು ದೂರುತ್ತಾರೆ, ಆಸಕ್ತಿ ಇಲ್ಲ, ಒಂದು ಕಡೆ ಕೂರಲ್ಲ ಅಂತ. ಸಾಮಾನ್ಯವಾಗಿ ತಪ್ಪು ಯೋಜನೆಯಲ್ಲೇ ಇರುತ್ತದೆ. ದಪ್ಪ ಪುಸ್ತಕ, ದಿನಕ್ಕೆ ಒಂದು ಗಂಟೆ, ಇಡೀ ರಜೆ ಪೂರ್ತಿ. ಇಷ್ಟು ದೊಡ್ಡದನ್ನು ಯಾರೂ ನಡೆಸಲಾರರು. ಚಿಕ್ಕದಾಗಿ ಇಟ್ಟುಕೊಳ್ಳಿ, ಪ್ರತಿ ವರ್ಷ ಹೆಚ್ಚುಕಮ್ಮಿ ಅದೇ ಥರ ಮಾಡಿ. ರೂಢಿ ಬೆಳೆಯುವುದು ಅದರಿಂದಲೇ.

ಏನೇನು ಬೇಕು

ಒಂದು ಪುಸ್ತಕ. ಓದುವವರು ಒಬ್ಬರು. ದಿನಕ್ಕೆ 15 ನಿಮಿಷ, ಜಾಸ್ತಿ ಅಂದರೆ 20. ಓದುವವರ ಹೆಗಲ ಹಿಂದಿನಿಂದ ಪುಟದ ಮೇಲೆ ಬೀಳುವ ಬೆಳಕು. ಒಂದು ಲೋಟ ನೀರು, ಯಾಕೆಂದರೆ ಹತ್ತು ನಿಮಿಷ ಗಟ್ಟಿಯಾಗಿ ಓದಿದರೆ ಗಂಟಲು ಒಣಗುತ್ತದೆ ಅಂತ ಯಾರೂ ಮೊದಲೇ ಹೇಳಿರುವುದಿಲ್ಲ. ಒಂದು ಪೆನ್ಸಿಲ್.

ಬೊಂಬೆ, ವೇಷ, ವಿಶೇಷ ದೀಪ, ಹೊಸ ಕಪಾಟು, ಓದಿದ ದಿನಕ್ಕೊಂದು ಸ್ಟಿಕ್ಕರ್ ಅಂಟಿಸುವ ಚಾರ್ಟ್ ಇವು ಯಾವುವೂ ಬೇಡ. ಚಾರ್ಟ್ ಅಂತೂ ಬೇಡವೇ ಬೇಡ. ಒಂದು ದಿನ ತಪ್ಪಿದರೆ ಆ ಖಾಲಿ ಚೌಕ ಎಲ್ಲರನ್ನೂ ಚುಚ್ಚುತ್ತದೆ.

ಹಂತ 1: ಹೊತ್ತು ಗೊತ್ತು ಮಾಡಿಕೊಳ್ಳಿ

"ರಾತ್ರಿ 8 ಗಂಟೆಗೆ ಸರಿಯಾಗಿ" ಅಂತ ಇಟ್ಟುಕೊಂಡರೆ ಕೆಡುತ್ತದೆ. ರಜೆಯಲ್ಲಿ ಊಟ ಯಾವಾಗ, ನಿದ್ದೆ ಯಾವಾಗ, ಯಾರು ಬರುತ್ತಾರೆ, ಯಾರು ಹೊರಡುತ್ತಾರೆ ಯಾವುದಕ್ಕೂ ಲೆಕ್ಕ ಇರುವುದಿಲ್ಲ ಅಲ್ವಾ. ಅದಕ್ಕೇ ಗಡಿಯಾರ ಬಿಟ್ಟು, ಏನೇ ಆದರೂ ದಿನಾ ನಡೆದೇ ನಡೆಯುವ ಒಂದು ಕೆಲಸಕ್ಕೆ ಓದನ್ನು ಅಂಟಿಸಿ. ರಾತ್ರಿ ಊಟದ ತಟ್ಟೆ ಎತ್ತಿದ ಮೇಲೆ. ಹಾಸಿಗೆ ಹಾಸಿದ ಮೇಲೆ. ಅಥವಾ ಬೆಳಗ್ಗೆ, ಇನ್ನೂ ಹೊದಿಕೆಯೊಳಗೇ ಇರುವಾಗ. ಬೆಳಗಿನ ಓದನ್ನು ಯಾರೂ ಯೋಚಿಸುವುದೇ ಇಲ್ಲ, ಆದರೆ ನೆಂಟರು ತುಂಬಿದ ಮನೆಯಲ್ಲಿ ಅದೊಂದೇ ಸದ್ದಿಲ್ಲದ ಹೊತ್ತು.

ಎಷ್ಟು ದಿನ? ಮೊದಲ ಸಲ 5 ದಿನ ಸಾಕು. ಚೆನ್ನಾಗಿ ಆದರೆ ಮುಂದಿನ ಸಲ 7 ಮಾಡಿ. ರಜೆ 40 ದಿನ ಇದೆ ಅಂತ 40 ದಿನಕ್ಕೂ ಯೋಜನೆ ಹಾಕಬೇಡಿ. ಹಬ್ಬದ ಆಸುಪಾಸಿನ ದಿನಗಳು ಸಿಕ್ಕಿದರೆ ಒಳ್ಳೆಯದು, ಆ ದಿನಗಳು ಹೇಗಿದ್ದರೂ ಮಕ್ಕಳ ನೆನಪಿನಲ್ಲಿ ಉಳಿಯುತ್ತವೆ.

ಎಡವುವ ಜಾಗ: ಆಟದ ಮಧ್ಯೆಯಿಂದಲೋ, ನೋಡುತ್ತಿರುವ ಟಿವಿ ಆರಿಸಿಯೋ ಮಕ್ಕಳನ್ನು ಎಳೆದು ತರುವುದು. ಹಾಗೆ ಮಾಡಿದರೆ ಎರಡೇ ದಿನದಲ್ಲಿ ಪುಸ್ತಕ ಕಂಡರೆ ಮುಖ ಸಿಂಡರಿಸುತ್ತಾರೆ. ಆಟ ತಾನಾಗಿ ಮುಗಿಯುವ ಹೊತ್ತನ್ನೇ ಹಿಡಿಯಿರಿ.

ಹಂತ 2: ಪುಸ್ತಕ ಆರಿಸಿ

ಜಾಸ್ತಿ ಸಮಯ ಕೊಡಬೇಕಾದ್ದು ಇಲ್ಲಿಗೆ. ಪುಸ್ತಕ ಸರಿಯಾಗಿ ಸಿಕ್ಕಿದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಒಂದು ವಿಷಯ ಗೊತ್ತಿರಲಿ. ಮಗುವಿಗೆ ಎರಡು ಮಟ್ಟ ಇರುತ್ತವೆ. ತಾನೇ ಓದಿಕೊಂಡು ಅರ್ಥ ಮಾಡಿಕೊಳ್ಳುವುದು ಓದುವ ಮಟ್ಟ. ಬೇರೆಯವರು ಓದಿ ಹೇಳಿದಾಗ ಅರ್ಥ ಮಾಡಿಕೊಳ್ಳುವುದು ಕೇಳುವ ಮಟ್ಟ. ಕೇಳುವ ಮಟ್ಟ ಯಾವಾಗಲೂ ಮುಂದಿರುತ್ತದೆ, ಸುಮಾರು 13–14ನೇ ವಯಸ್ಸಿನವರೆಗೂ ಹಾಗೇ ಇರುತ್ತದೆ ಅನ್ನುವುದು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರ ಮಾತು. ಅಂದರೆ ಅಕ್ಷರ ಕೂಡಿಸಿ ಓದಲು ಒದ್ದಾಡುವ 7 ವರ್ಷದ ಮಗುವೂ 10 ವರ್ಷದವರ ಕಥೆಯನ್ನು ಆರಾಮಾಗಿ ಕೇಳಬಲ್ಲದು. ಪುಸ್ತಕದ ಹಿಂದೆ ಛಾಪಿಸಿದ ವಯಸ್ಸು ನೋಡಿ "ಇದು ನಮ್ಮವನಿಗೆ ಆಗಲ್ಲ" ಅಂತ ಕೆಳಗಿಡಬೇಡಿ. ಆ ವಯಸ್ಸು ತಾನೇ ಓದಿಕೊಳ್ಳುವವರ ಲೆಕ್ಕದ್ದು.

ಮನೆಯಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳಿದ್ದರೆ? ಇದನ್ನು ಎಲ್ಲರೂ ಕೇಳುತ್ತಾರೆ. ನಾನು ಹೇಳುವುದು, ನಡುವಿನ ಮಗುವಿಗಿಂತ ಸ್ವಲ್ಪ ಮೇಲಿನ ಪುಸ್ತಕ ಹಿಡಿಯಿರಿ. ತೀರಾ ಚಿಕ್ಕವರು ಅರ್ಥ ಆದಷ್ಟು ಕೇಳುತ್ತಾರೆ, ಉಳಿದದ್ದಕ್ಕೆ ದನಿ ಸಾಕು. ದೊಡ್ಡವರಿಗೆ "ಇದು ಪಾಪುಗಳ ಪುಸ್ತಕ" ಅನ್ನಿಸಬಾರದು, ಒಮ್ಮೆ ಹಾಗನ್ನಿಸಿತು ಅಂದರೆ ಅವರನ್ನು ವಾಪಸ್ ಕರೆತರುವುದು ಕಷ್ಟ. ತಮಾಷೆ ಇರುವ ಕಥೆ, ಪ್ರಾಣಿಗಳ ಕಥೆ, ಪ್ರಯಾಣದ ಕಥೆ, ಜಾನಪದ ಕಥೆಗಳು ಎಲ್ಲ ವಯಸ್ಸಿಗೂ ನಡೆಯುತ್ತವೆ. ಪದವಿಲ್ಲದ ಚಿತ್ರ ಪುಸ್ತಕಗಳು ಅಂತಲೂ ಇವೆ, ಬರೀ ಚಿತ್ರದಲ್ಲೇ ಕಥೆ ಸಾಗುತ್ತದೆ. ಓದಲು ಬಾರದ ಹಿರಿಯರು, ಅಕ್ಷರ ಕಲಿಯದ ಮಗು ಇಬ್ಬರೂ ಕಥೆ ನಡೆಸಬಹುದು, ದಿನಾ ಒಂದೇ ಪುಸ್ತಕ ಬೇರೆ ಬೇರೆ ಕಥೆ ಆಗುತ್ತದೆ.

ಇನ್ನು ಉದ್ದದ ಲೆಕ್ಕ. ಇದನ್ನು ಬಹಳ ಜನ ಮಾಡುವುದೇ ಇಲ್ಲ. ಪುಸ್ತಕದ ಮಧ್ಯದಿಂದ ಯಾವುದಾದರೂ ಎರಡು ಪುಟ ತೆಗೆದು, ನಿಧಾನಕ್ಕೆ ಗಟ್ಟಿಯಾಗಿ ಓದಿ, ಗಡಿಯಾರ ನೋಡಿಕೊಳ್ಳಿ. ಎರಡು ಪುಟಕ್ಕೆ 4 ನಿಮಿಷ ಹಿಡಿಯಿತು ಅಂದುಕೊಳ್ಳಿ. ಹಾಗಾದರೆ 15 ನಿಮಿಷಕ್ಕೆ ಏಳೆಂಟು ಪುಟ, 7 ದಿನಕ್ಕೆ 50 ಪುಟದ ಸುತ್ತಮುತ್ತ. ನೀವು 200 ಪುಟದ ಪುಸ್ತಕ ಹಿಡಿದಿದ್ದರೆ ರಜೆ ಮುಗಿದರೂ ಕಥೆ ಮುಗಿಯುವುದಿಲ್ಲ, ಶಾಲೆ ಶುರುವಾದ ಮೇಲೆ ಅದನ್ನು ಮತ್ತೆ ಕೈಗೆತ್ತಿಕೊಳ್ಳುವವರು ಯಾರೂ ಇಲ್ಲ. ಅರ್ಧಕ್ಕೆ ನಿಂತ ಪುಸ್ತಕ ಎದುರಿಗೇ ಬಿದ್ದಿದ್ದರೆ ಮುಂದಿನ ವರ್ಷಕ್ಕೂ ಉತ್ಸಾಹ ಬರುವುದಿಲ್ಲ. ಮುಗಿಯುವಂಥದ್ದನ್ನೇ ಆರಿಸಿ. ಬಿಡಿ ಬಿಡಿ ಕಥೆಗಳ ಸಂಗ್ರಹ ಆದರೆ ಇನ್ನೂ ಸುಲಭ, ಒಂದು ದಿನ ಯಾರಾದರೂ ತಪ್ಪಿಸಿಕೊಂಡರೂ ಮರುದಿನ ಎಳೆ ಕಡಿಯುವುದಿಲ್ಲ.

ಆರಿಸಿದ ಮೇಲೆ ನೀವೊಬ್ಬರೇ ಕೂತು ಪೂರ್ತಿ ಓದಿ. ತಪ್ಪಿಸಬೇಡಿ. ಹಳೆಯ ಪುಸ್ತಕಗಳಲ್ಲಿ ಜಾತಿ, ಬಣ್ಣ, ಹೆಣ್ಣು, ಅಂಗವಿಕಲರ ಬಗ್ಗೆ ಈಗ ಬಾಯಲ್ಲಿ ಹೇಳಲಾಗದ ಮಾತುಗಳು ನಡುವೆ ಸುಮ್ನೆ ಬಂದುಬಿಡುತ್ತವೆ. ಮೊದಲೇ ಗೊತ್ತಿದ್ದರೆ ಆ ಸಾಲು ಬಿಡಬಹುದು, ಅಥವಾ ನಿಲ್ಲಿಸಿ ಮಾತಾಡಬಹುದು. ದೊಡ್ಡ ಮಕ್ಕಳಿದ್ದರೆ ನಿಲ್ಲಿಸಿ ಮಾತಾಡುವುದೇ ಮೇಲು. ಸಾವು ಬರುವ ಕಥೆಯಾದರೆ, ಮನೆಯಲ್ಲಿ ಈಚೆಗೆ ಯಾರಾದರೂ ತೀರಿಕೊಂಡಿದ್ದರೆ, ಅದೂ ಮುಂಚೆ ಗೊತ್ತಿರಬೇಕು. ಓದುವಾಗಲೇ ಭಾಷೆಯನ್ನೂ ಗಮನಿಸಿ. ಕೆಲವು ಪುಸ್ತಕ ಕಣ್ಣಿಗೆ ಚೆಂದ, ಬಾಯಿಗೆ ಮುಳ್ಳು. ಒಂದೊಂದು ವಾಕ್ಯವೂ ಅರ್ಧ ಪುಟ, ಉಸಿರು ತೆಗೆದುಕೊಳ್ಳಲು ಜಾಗವೇ ಇಲ್ಲ. ಅಂಥದ್ದನ್ನು ಪಕ್ಕಕ್ಕಿಡಿ, ಎಷ್ಟೇ ಹೆಸರು ಮಾಡಿದ ಪುಸ್ತಕ ಆಗಿರಲಿ.

ಪುಸ್ತಕ ಕೊಳ್ಳಲು ಆಗದಿದ್ದರೆ ಗ್ರಂಥಾಲಯ ಇದ್ದೇ ಇದೆ. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನುವ ಜಾಲತಾಣದಲ್ಲಿ ಕನ್ನಡದಲ್ಲೂ ಬೇರೆ ಎಷ್ಟೋ ಭಾಷೆಗಳಲ್ಲೂ ಮಕ್ಕಳ ಚಿತ್ರ ಕಥೆಗಳು ಉಚಿತವಾಗಿ ಸಿಗುತ್ತವೆ. ಅವು ಮುಕ್ತ ಪರವಾನಗಿಯ ಪುಸ್ತಕಗಳು. ಹಾಗಂದರೆ ಬರೆದವರ ಹೆಸರು ಹೇಳಿ ಯಾರು ಬೇಕಾದರೂ ಓದಬಹುದು, ಮುದ್ರಿಸಬಹುದು, ಹಂಚಬಹುದು, ಅನುವಾದ ಕೂಡ ಮಾಡಬಹುದು. ಕಥೆಗಳನ್ನು ಓದುವ ಕಷ್ಟದ ಮೇಲೆ ಹಂತ ಹಂತವಾಗಿ ವಿಂಗಡಿಸಿರುತ್ತಾರೆ, ಅದನ್ನು ನೋಡಿ ಆರಿಸಿಕೊಳ್ಳಿ.

ಫೋನಿನಲ್ಲೋ ಟ್ಯಾಬ್‌ನಲ್ಲೋ ಓದಬಹುದಾ? ಬೇರೆ ದಾರಿ ಇಲ್ಲದಿದ್ದರೆ ಓದಿ. ಆದರೆ ಕಾಗದದ ಪುಸ್ತಕ ಸಿಕ್ಕಿದರೆ ಅದೇ ಒಳ್ಳೆಯದು. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ತೆರೆಯ ಮೇಲೆ ಓದುವಾಗ ಅಪ್ಪ ಅಮ್ಮ ಮತ್ತು ಪುಟ್ಟ ಮಕ್ಕಳ ನಡುವೆ ಮಾತು ಕಡಿಮೆ ಆಗಿದ್ದು ಕಂಡುಬಂತು. ಓದಿನ ಸುತ್ತ ಹುಟ್ಟುವ ಮಾತಿನಲ್ಲೇ ಅರ್ಧ ಲಾಭ ಇರುವುದು. ಫೋನಿನಲ್ಲೇ ಓದುವುದಾದರೆ ಪುಸ್ತಕವನ್ನು ಮೊದಲೇ ಇಳಿಸಿಕೊಂಡು ಇಂಟರ್‌ನೆಟ್ ಆಫ್ ಮಾಡಿ, ಕಥೆಯ ಮಧ್ಯೆ ಮೆಸೇಜ್ ಬಂದು ಟಣ್ ಅನ್ನಬಾರದು.

ಹಂತ 3: ಒಂದೇ ಒಂದು ವಿಶೇಷ ಸೇರಿಸಿ

ಬರೀ ಓದಿದರೆ ಅದು ಓದು. ಪ್ರತಿ ವರ್ಷ ಬರುವ ಒಂದು ಗುರುತು ಅದಕ್ಕೆ ಸೇರಿದರೆ ಮನೆಯ ರೂಢಿ. ಇದಕ್ಕೆ ಒಳ್ಳೆಯ ಉದಾಹರಣೆ ಐಸ್‌ಲ್ಯಾಂಡ್. ಎರಡನೇ ಮಹಾಯುದ್ಧದ ಹೊತ್ತಿಗೆ ಅಲ್ಲಿ ಆಮದು ವಸ್ತುಗಳಿಗೆಲ್ಲ ಬಿಗಿ ಇತ್ತು, ಕಾಗದಕ್ಕೆ ಅಷ್ಟು ಬಿಗಿ ಇರಲಿಲ್ಲ. ಹಾಗಾಗಿ ಪುಸ್ತಕವೇ ಸುಲಭಕ್ಕೆ ಸಿಗುವ ಉಡುಗೊರೆ ಆಯಿತು. ಪ್ರಕಾಶಕರು ಹೊಸ ಪುಸ್ತಕಗಳ ಪಟ್ಟಿಯನ್ನು 1944ರಿಂದ ಪ್ರಕಟಿಸುತ್ತಾ ಬಂದರು, ಅದು ಮನೆಮನೆಗೆ ಹೋಗುತ್ತಿತ್ತು. ಈಗಲೂ ಡಿಸೆಂಬರ್ 24ರ ಸಂಜೆ ಪುಸ್ತಕ ಕೊಟ್ಟು ತೆಗೆದುಕೊಂಡು, ರಾತ್ರಿ ಓದುತ್ತಾ ಕೂರುವ ಮನೆಗಳು ಅಲ್ಲಿ ಬೇಕಾದಷ್ಟು. ಏನೂ ದೊಡ್ಡ ಸಿದ್ಧತೆ ಇಲ್ಲ ನೋಡಿ. ಒಂದು ದಿನ, ಒಂದು ಪುಸ್ತಕ, ಅದೇ ರಾತ್ರಿ ಓದು.

ನಿಮ್ಮ ಮನೆಗೆ ಇವುಗಳಲ್ಲಿ ಯಾವುದಾದರೂ ಒಂದು ಆಗಬಹುದು. ಹಬ್ಬದ ಹಿಂದಿನ ರಾತ್ರಿ ಪ್ರತಿ ವರ್ಷ ಅದೇ ಕಥೆ. ಅಥವಾ ರಜೆಯ ಪುಸ್ತಕಗಳನ್ನು ಹಳೆ ಪೇಪರಿನಲ್ಲಿ ಸುತ್ತಿಟ್ಟು ದಿನಕ್ಕೊಂದು ಬಿಚ್ಚುವುದು, ಮನೆಯಲ್ಲೇ ಇದ್ದ ಹಳೆ ಪುಸ್ತಕವಾದರೂ ಸುತ್ತಿಟ್ಟರೆ ಚಿಕ್ಕ ಮಕ್ಕಳಿಗೆ ಹೊಸದೇ. ಅಥವಾ ಕೊನೆಯ ದಿನ ಮನೆಯ ಹಿರಿಯರು ಪುಸ್ತಕ ಇಲ್ಲದೆ ತಮ್ಮ ಬಾಲ್ಯದ ಒಂದು ಕಥೆ ಹೇಳುವುದು, ಅದನ್ನು ಯಾರಾದರೂ ಬರೆದಿಟ್ಟುಕೊಂಡು ಮುಂದಿನ ವರ್ಷ ಓದುವುದು.

ನನಗೆ ಇಷ್ಟ ಮೊದಲನೆಯದು. ಅದೇ ಕಥೆ ಮತ್ತೆ ಮತ್ತೆ ಅಂದರೆ ದೊಡ್ಡವರಿಗೆ ಬೇಸರ, ಮಕ್ಕಳಿಗೆ ಅಲ್ಲ. ಜೆಸಿಕಾ ಹಾರ್ಸ್ಟ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವೇ ಕಥೆಗಳನ್ನು ಮತ್ತೆ ಮತ್ತೆ ಕೇಳಿದ 3 ವರ್ಷದ ಮಕ್ಕಳು, ಬೇರೆ ಬೇರೆ ಕಥೆ ಕೇಳಿದ ಮಕ್ಕಳಿಗಿಂತ ಹೊಸ ಪದಗಳನ್ನು ಚೆನ್ನಾಗಿ ಕಲಿತಿದ್ದರು. ಮುಂದೇನಾಗುತ್ತದೆ ಅಂತ ಮೊದಲೇ ಗೊತ್ತಿದ್ದರೆ ಪದದ ಕಡೆ ಗಮನ ಹೋಗುತ್ತದೆ, ಇಷ್ಟೇ ಕಾರಣ ಇರಬೇಕು. ಪೆನ್ಸಿಲ್ ಬೇಕಾಗುವುದು ಈಗ. ಆ ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ವರ್ಷ, ಓದಿದವರು ಯಾರು, ಕೇಳಿದವರು ಯಾರು, ಮಕ್ಕಳು ಕೇಳಿದ ಒಂದು ವಿಚಿತ್ರ ಪ್ರಶ್ನೆ, ಇಷ್ಟು ಬರೆದಿಡಿ. ಗ್ರಂಥಾಲಯದ ಪುಸ್ತಕ ಆದರೆ ದಯವಿಟ್ಟು ಬೇರೆ ಚೀಟಿಯಲ್ಲಿ ಬರೆಯಿರಿ.

ಎಡವುವ ಜಾಗ: ಮೂರನ್ನೂ ಒಟ್ಟಿಗೆ ಮಾಡಲು ಹೋಗುವುದು. ಒಂದು ಸಾಕು.

ಹಂತ 4: ಓದಿ

ಗಟ್ಟಿಯಾಗಿ ಓದುವುದು ಅಂದರೆ ಕೂಗುವುದಲ್ಲ, ನಾಟಕ ಆಡುವುದೂ ಅಲ್ಲ. ಒಂದೊಂದು ಪಾತ್ರಕ್ಕೆ ಒಂದೊಂದು ದನಿ ಮಾಡಲು ಬಂದರೆ ಮಾಡಿ, ಬರದಿದ್ದರೆ ಬಿಡಿ. ದನಿ ಬದಲಾಯಿಸುವ ಚಪಲಕ್ಕೆ ಬಿದ್ದವರು ನಾಲ್ಕನೇ ಪುಟಕ್ಕೆ ಯಾವ ಪಾತ್ರಕ್ಕೆ ಯಾವ ದನಿ ಅನ್ನುವುದನ್ನೇ ಮರೆಯುತ್ತಾರೆ, ಮಕ್ಕಳು ಅದನ್ನು ಮರೆಯುವುದಿಲ್ಲ.

ಮುಖ್ಯವಾದದ್ದು ವೇಗ. ಎಲ್ಲರೂ ಬೇಕಾದ್ದಕ್ಕಿಂತ ಬೇಗ ಓದುತ್ತಾರೆ. ನಮಗೆ ಅಕ್ಷರ ಕಾಣುತ್ತಿರುತ್ತದೆ, ಕೇಳುವವರು ಮನಸ್ಸಿನಲ್ಲೇ ಚಿತ್ರ ಕಟ್ಟಿಕೊಳ್ಳಬೇಕು. ನಿಮಗೆ "ತೀರಾ ನಿಧಾನ ಆಯಿತೇನೋ" ಅನ್ನಿಸುವಷ್ಟು ನಿಧಾನ ಇದ್ದರೆ ಸರಿಯಾಗಿದೆ ಅಂತ ಲೆಕ್ಕ. ಪ್ಯಾರಾ ಮುಗಿದಲ್ಲಿ ಒಂದು ಉಸಿರು ನಿಲ್ಲಿ. ಭಯದ ಜಾಗ ಬಂದಾಗ ದನಿ ಏರಿಸುವ ಬದಲು ಇಳಿಸಿ, ಎಲ್ಲರೂ ತಾವಾಗಿ ಹತ್ತಿರ ಸರಿಯುತ್ತಾರೆ.

ಚಿತ್ರ ಪುಸ್ತಕವಾದರೆ ಮೊದಲು ಚಿತ್ರ ತೋರಿಸಿ, ಆಮೇಲೆ ಓದಿ. ಓದಿ ಮುಗಿಸಿ ಪುಸ್ತಕ ತಿರುಗಿಸಿ ತೋರಿಸಿದರೆ "ನಂಗೆ ಕಾಣಿಸ್ಲಿಲ್ಲ" ಅನ್ನುವ ಗಲಾಟೆಯಲ್ಲಿ ಕಥೆ ಕಳೆದುಹೋಗುತ್ತದೆ. ಅಕ್ಕಪಕ್ಕ ಇಬ್ಬರಿಗೆ ಮಾತ್ರ ಜಾಗ ಇರುವುದರಿಂದ, ಇವತ್ತು ಯಾರು ಪಕ್ಕದಲ್ಲಿ ಕೂರುವವರು ಅಂತ ಸರದಿ ಹಚ್ಚಿಬಿಡಿ. ಈ ಜಗಳ ಬಂದೇ ಬರುತ್ತದೆ.

ಗ್ರಂಥದ ಭಾಷೆ ಇದ್ದರೆ ಮಾತಿನ ಭಾಷೆಗೆ ತಿರುಗಿಸಿ ಓದಬಹುದಾ ಅಂತ ಕೇಳುತ್ತಾರೆ. ಸಂಭಾಷಣೆಯನ್ನು ಧಾರಾಳವಾಗಿ ತಿರುಗಿಸಿ. ಉಳಿದ ಭಾಗವನ್ನು ಆದಷ್ಟು ಇದ್ದ ಹಾಗೇ ಓದಿ. ದಿನದ ಮಾತಿನಲ್ಲಿ ಸಿಗದ ಪದಗಳು ಮಕ್ಕಳಿಗೆ ಸಿಗುವುದು ಪುಸ್ತಕದಿಂದಲೇ. 2015ರಲ್ಲಿ ಜೆಸಿಕಾ ಮಾಂಟಾಗ್ ಮತ್ತು ಸಂಗಡಿಗರು 100 ಇಂಗ್ಲಿಷ್ ಚಿತ್ರ ಪುಸ್ತಕಗಳ ಪದಗಳನ್ನು ದೊಡ್ಡವರು ಮಕ್ಕಳ ಜೊತೆ ಆಡುವ ಮಾತಿನ ಜೊತೆ ಹೋಲಿಸಿದಾಗ, ಪುಸ್ತಕದಲ್ಲೇ ಬಗೆಬಗೆಯ ಪದ ಜಾಸ್ತಿ ಇದ್ದವು. ಕಷ್ಟದ ಪದ ಬಂದರೆ ನಿಲ್ಲಿಸಿ ಪಾಠ ಮಾಡಬೇಡಿ. ಅದರ ಬೆನ್ನಿಗೇ ಸುಲಭದ ಪದ ಸೇರಿಸಿ ಓದಿಕೊಂಡು ಹೋಗಿ: "ಅವನು ಕಂಗಾಲಾದ, ಏನು ಮಾಡಬೇಕೋ ತೋಚಲಿಲ್ಲ". ಹೀಗೆ.

ನಿಲ್ಲಿಸುವುದು ಎಲ್ಲಿ ಅನ್ನುವುದನ್ನು ಓದುವ ಮೊದಲೇ ಗುರುತು ಹಾಕಿಕೊಳ್ಳಿ. ಬಾಗಿಲು ತಟ್ಟಿದ ಸದ್ದು ಕೇಳಿತು ಅನ್ನುವಲ್ಲಿ ನಿಲ್ಲಿಸಿ, ತೆಗೆದ ಮೇಲೆ ಅಲ್ಲ. "ಇನ್ನೊಂದೇ ಪುಟ" ಅಂತ ಗೋಗರೆದರೆ? ಮೊದಲ ದಿನ ಒಪ್ಪಬೇಡಿ. ಮೂರನೇ ದಿನ ಒಂದು ಪುಟ ಕೊಡಿ. ಮಲಗುವ ಹೊತ್ತಿನ ಓದಾದರೆ ಮಾತ್ರ ಇದಕ್ಕೆ ಉಲ್ಟಾ ಮಾಡಿ, ಪಾತ್ರ ಅಪಾಯದಲ್ಲಿರುವಾಗ ನಿಲ್ಲಿಸಿದರೆ ಚಿಕ್ಕವರಿಗೆ ನಿದ್ದೆ ಹತ್ತುವುದಿಲ್ಲ.

ಕೇಳುತ್ತಾ ಚಿತ್ರ ಬಿಡಿಸುವ, ಬಟ್ಟೆ ಮಡಿಸುವ, ನೆಲದ ಮೇಲೆ ಹೊರಳಾಡುವ ಮಕ್ಕಳನ್ನು ಅವರ ಪಾಡಿಗೆ ಬಿಡಿ. ಕೈಗೆ ಕೆಲಸ ಇದ್ದರೆ ಎಷ್ಟೋ ಮಕ್ಕಳ ಕಿವಿ ಚುರುಕಾಗಿರುತ್ತದೆ. ಅನುಮಾನ ಇದ್ದರೆ ಬೇಕೆಂದೇ ಪಾತ್ರದ ಹೆಸರು ತಪ್ಪು ಓದಿ, ತಕ್ಷಣ ತಿದ್ದುತ್ತಾರೆ.

ಹಂತ 5: ಪ್ರಶ್ನೆ ಕೇಳುವುದು, ಕೇಳದಿರುವುದು

ಸಂವಾದದ ಓದು ಅನ್ನುವ ಒಂದು ವಿಧಾನ ಇದೆ. ದೊಡ್ಡವರು ಓದಿ ಮಗು ಕೇಳುವ ಬದಲು, ಮಗುವೇ ಮೆಲ್ಲಗೆ ಕಥೆ ಹೇಳುವವರಾಗುವಂತೆ ಮಾಡುವುದು. ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಇದರ ಬಗ್ಗೆ ಅಧ್ಯಯನ ಪ್ರಕಟಿಸಿದರು. ಹೀಗೆ ಓದಿಸಿಕೊಂಡ ಪುಟ್ಟ ಮಕ್ಕಳು ಒಂದೇ ತಿಂಗಳಲ್ಲಿ ಮಾತಿನಲ್ಲಿ ಉಳಿದವರಿಗಿಂತ ಮುಂದೆ ಹೋಗಿದ್ದರು. ಅದರ ತಿರುಳು ನಾಲ್ಕು ಹೆಜ್ಜೆ: ಏನಾದರೂ ಕೇಳಿ, ಮಗು ಹೇಳಿದ್ದನ್ನು ಒಪ್ಪಿ ಅಥವಾ ತಿದ್ದಿ, ಅದಕ್ಕೆ ಎರಡು ಪದ ಸೇರಿಸಿ, ಸೇರಿಸಿದ್ದನ್ನು ಮಗುವಿನ ಬಾಯಲ್ಲೂ ಹೇಳಿಸಿ. "ಇದೇನು?" "ನಾಯಿ." "ಹೌದು, ಒದ್ದೆಯಾದ ನಾಯಿ. ಎಂಥಾ ನಾಯಿ?" "ಒದ್ದೆ ನಾಯಿ!" ಅಷ್ಟೇ.

ಇದು ಎರಡರಿಂದ ಐದು ವರ್ಷದವರಿಗೆ ಹೇಳಿ ಮಾಡಿಸಿದ್ದು. ಅದನ್ನೇ 9 ವರ್ಷದವರ ಮೇಲೆ ಪ್ರಯೋಗಿಸಿದರೆ ಅವರಿಗೆ ಶಾಲೆಯ ಮೌಖಿಕ ಪರೀಕ್ಷೆ ನೆನಪಾಗುತ್ತದೆ. ದೊಡ್ಡ ಮಕ್ಕಳಿಗೆ ಪ್ರಶ್ನೆ ಬೇಡ, ನಿಮ್ಮ ಅನಿಸಿಕೆ ಹೇಳಿ ಸುಮ್ಮನಿರಿ. "ನಂಗೇನೋ ಆ ಮುದುಕನ ಮೇಲೆ ಅನುಮಾನ." ಅವರೇ ವಾದಕ್ಕೆ ಬರುತ್ತಾರೆ. ಮತ್ತೆ ಯಾರಿಗೇ ಆಗಲಿ, ಕಥೆ ಮುಗಿದ ಕೂಡಲೇ "ಇದರಿಂದ ಏನು ಕಲಿತೆ?" ಅಂತ ಕೇಳಲೇಬೇಡಿ. ರಜೆಯ ಓದನ್ನು ಕೊಲ್ಲಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ.

ಇನ್ನೊಂದು ದೊಡ್ಡ ತಪ್ಪು, "ಈಗ ನೀನು ಓದು ನೋಡೋಣ" ಅಂತ ತಡವರಿಸುವ ಮಗುವಿನ ಕೈಗೆ ಪುಸ್ತಕ ಕೊಡುವುದು, ಅದೂ ನೆಂಟರ ಮುಂದೆ. ಓದು ಅಭ್ಯಾಸ ಮಾಡಿಸಬೇಕಿದ್ದರೆ ಬೇರೆ ಹೊತ್ತಿನಲ್ಲಿ, ಬೇರೆ ಪುಸ್ತಕದಲ್ಲಿ, ಇಬ್ಬರೇ ಕೂತು ಮಾಡಿಸಿ. ಮಗು ತಾನಾಗಿ ಕೇಳಿದರೆ ಖಂಡಿತ ಕೊಡಿ, ಒಂದು ಪುಟ ಸಾಕು, ಆ ಪುಟವನ್ನು ಮಧ್ಯಾಹ್ನವೇ ಗುಟ್ಟಾಗಿ ಅಭ್ಯಾಸ ಮಾಡಿಸಿರಿ.

ಹಂತ 6: ತೀರಾ ಚಿಕ್ಕವರು, ಹದಿವಯಸ್ಸಿನವರು, ದೂರ ಇರುವವರು

ಕೂಸಿಗೆ ಓದಿದರೆ ಏನು ಗೊತ್ತಾಗುತ್ತದೆ ಅಂತ ನಗುವವರಿಗೆ: ಅಮೆರಿಕದ ಮಕ್ಕಳ ವೈದ್ಯರ ಸಂಘಟನೆಯೇ ಶಿಶುವಾಗಿದ್ದಾಗಿನಿಂದಲೇ ಗಟ್ಟಿಯಾಗಿ ಓದಿ ಹೇಳಿ ಅಂತ 2014ರಲ್ಲಿ ಅಧಿಕೃತವಾಗಿ ಶಿಫಾರಸು ಮಾಡಿತು. ಕೂಸಿಗೆ ಬೇಕಾಗಿರುವುದು ದನಿ, ಲಯ, ತೊಡೆ. ಕೈಗೆ ದಪ್ಪ ರಟ್ಟಿನ ಪುಟಗಳ ಬೋರ್ಡ್ ಬುಕ್ ಕೊಡಿ, ಬಾಯಿಗೆ ಹಾಕಿಕೊಂಡರೂ ಹರಿಯುವುದಿಲ್ಲ. ಎರಡು ನಿಮಿಷಕ್ಕೆ ಎದ್ದು ಹೋದರೆ ಅವತ್ತಿನ ಓದು ಮುಗಿಯಿತು ಅಂತ ತಿಳಿಯಿರಿ.

ಹದಿವಯಸ್ಸಿನವರನ್ನು ಕೂರಿಸಲು ಒತ್ತಾಯ ಮಾಡಬೇಡಿ, ಕೆಲಸ ಕೊಡಿ. ಒಂದು ದಿನದ ಪುಸ್ತಕ ಅವರೇ ಆರಿಸಲಿ. ಖಳನ ಮಾತು ಬಂದಾಗಲೆಲ್ಲ ಅವರು ಓದಲಿ. ಪದ್ಯ ಇದ್ದರೆ ಅವರಿಗೇ ಬಿಡಿ. ಬಾಗಿಲ ಹತ್ತಿರ ನಿಂತು, ಕೇಳದವರ ಹಾಗೆ ಕೇಳುತ್ತಿದ್ದರೆ ಗಮನಿಸಿದ್ದೀರಿ ಅಂತ ತೋರಿಸಿಕೊಳ್ಳಬೇಡಿ, "ಬಾ ಒಳಗೆ" ಅಂದರೆ ಹೊರಟೇ ಹೋಗುತ್ತಾರೆ.

ದೂರದಲ್ಲಿರುವ ಅಜ್ಜ ಅಜ್ಜಿ, ಚಿಕ್ಕಪ್ಪ, ಅತ್ತೆ ವೀಡಿಯೊ ಕಾಲ್‌ನಲ್ಲಿ ಓದಬಹುದು. ಎರಡೂ ಕಡೆ ಒಂದೇ ಪುಸ್ತಕದ ಪ್ರತಿ ಇದ್ದರೆ ಚೆನ್ನ, ಅಲ್ಲಿ ಓದು ನಡೆಯುತ್ತದೆ, ಇಲ್ಲಿ ಮಗು ಪುಟ ತಿರುಗಿಸುತ್ತದೆ. ಒಂದೇ ಪ್ರತಿ ಇದ್ದರೆ ಅದು ಮಗುವಿನ ಕಡೆ ಇರಲಿ, ಓದುವವರಿಗೆ ಪುಟಗಳ ಫೋಟೊ ಕಳಿಸಿ. ದನಿ ಸ್ವಲ್ಪ ತಡವಾಗಿ ತಲುಪುವುದರಿಂದ ಒಟ್ಟಿಗೆ ಹೇಳುವ ಪಲ್ಲವಿ, ಪ್ರಾಸದ ಆಟ ಕಾಲ್‌ನಲ್ಲಿ ನಡೆಯುವುದಿಲ್ಲ. ಸಣ್ಣ ಮಕ್ಕಳಿಗೆ 10 ನಿಮಿಷ ಮೀರಬೇಡಿ. ಹೊತ್ತು ಹೊಂದದಿದ್ದರೆ ಓದಿ ರೆಕಾರ್ಡ್ ಮಾಡಿ ಕಳಿಸಲು ಹೇಳಿ. ಪುಟ ತಿರುಗಿಸುವಾಗ ಒಂದು ಚಿಟಿಕೆ ಹೊಡೆಯಲು ಹೇಳಿದರೆ ಮಗು ತಾನೇ ಪುಸ್ತಕ ಹಿಡಿದು ಹಿಂಬಾಲಿಸಬಹುದು. ಒಂದು ಎಚ್ಚರಿಕೆ, ಆ ರೆಕಾರ್ಡಿಂಗ್ ಮನೆಯವರೊಳಗೇ ಇರಲಿ. ಪೂರ್ತಿ ಪುಸ್ತಕ ಓದಿ ಎಲ್ಲರಿಗೂ ಕಾಣುವಂತೆ ಅಂತರ್ಜಾಲದಲ್ಲಿ ಹಾಕಿದರೆ ಅದು ಕೃತಿಸ್ವಾಮ್ಯದ ಪ್ರಶ್ನೆ ಆಗುತ್ತದೆ, ಅಂದರೆ ಬರೆದವರ ಮತ್ತು ಪ್ರಕಾಶಕರ ಹಕ್ಕನ್ನು ಮೀರಿದ ಹಾಗೆ. ಮುಕ್ತ ಪರವಾನಗಿಯ ಪುಸ್ತಕವಾದರೆ ಹೆಸರು ಹೇಳಿ ಹಾಕಬಹುದು.

ಆಡಿಯೊ ಪುಸ್ತಕ ಹಾಕಿದರೆ ಸಾಲದಾ? ಪ್ರಯಾಣದಲ್ಲಿ ಚೆನ್ನಾಗಿರುತ್ತದೆ. ಆದರೆ ನಡುವೆ "ಯಾಕೆ?" ಅಂದರೆ ಅದು ನಿಲ್ಲುವುದಿಲ್ಲ, ಗುಂಡಿ ಒತ್ತಿ ನಿಲ್ಲಿಸುವವರು ಒಬ್ಬರು ಜೊತೆಗೆ ಇರಬೇಕು.

ಓದುವಾಗ ತಡವರಿಸುತ್ತೇನೆ, ಉಗ್ಗುತ್ತೇನೆ, ನನಗೆ ಬೇಡ ಅನ್ನುವವರು ಇದ್ದಾರೆ. ಮಕ್ಕಳು ನಿಮ್ಮ ದನಿಗೆ ಒಗ್ಗಿಕೊಂಡಿರುತ್ತಾರೆ, ಅವರಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಪ್ರಾಸ ಇರುವ ಪದ್ಯಗಳಿಂದ ಶುರು ಮಾಡಿ, ಲಯ ಇದ್ದಾಗ ನಾಲಿಗೆ ಸಲೀಸಾಗಿ ಹೊರಳುತ್ತದೆ. ಅಥವಾ ಮಕ್ಕಳ ಜೊತೆ ಸೇರಿ ಒಂದೇ ದನಿಯಲ್ಲಿ ಓದಿ.

ಹಂತ 7: ತಪ್ಪಿದ ದಿನಕ್ಕೆ ನಿಯಮ

ಒಂದು ದಿನ ತಪ್ಪುತ್ತದೆ. ಜ್ವರ, ಪ್ರಯಾಣ, ಕರೆಂಟ್ ಇಲ್ಲ, ಏನೋ ಒಂದು. ಮರುದಿನ ಎರಡು ದಿನದ್ದು ಸೇರಿಸಿ ಓದಲು ಹೋಗಬೇಡಿ. ಬಿಟ್ಟಲ್ಲಿಂದ ಅಷ್ಟೇ ಓದಿ. ತುಂಬಾ ಸುಸ್ತಾದ ದಿನ ಒಂದು ಪ್ಯಾರಾ ಓದಿ ಮುಚ್ಚಿದರೂ ಅದು ಓದೇ. ಎರಡು ದಿನ ಓದಿದ ಮೇಲೆ ಪುಸ್ತಕವೇ ಯಾರಿಗೂ ಹಿಡಿಸಲಿಲ್ಲ ಅಂದರೆ ಧೈರ್ಯವಾಗಿ ಬಿಟ್ಟು ಬೇರೆ ಹಿಡಿಯಿರಿ, ಅದಕ್ಕೇ ಒಂದು ಚಿಕ್ಕ ಪುಸ್ತಕ ಜೊತೆಗೆ ಇಟ್ಟುಕೊಂಡಿರಿ. ಮುಂದಿನ ಕಥೆ ಏನಾಯಿತು ಅಂತ ಒಬ್ಬರೇ ಒಬ್ಬರು ಕೇಳಿದರೂ ಅವರಿಗೆ ಆ ಪುಸ್ತಕ ಕೊಡಿ.

ಹಂತ 8: ಎತ್ತಿಡುವುದು

ಓದಿದ ಪುಸ್ತಕ, ಬರೆದ ಚೀಟಿಗಳು, ಕೇಳುತ್ತಾ ಬಿಡಿಸಿದ ಚಿತ್ರಗಳಲ್ಲಿ ಒಂದೆರಡು, ಇವನ್ನು ಒಂದು ಡಬ್ಬದಲ್ಲಿ ಹಾಕಿ ಬೇರೆಯಾಗಿ ಇಡಿ. ವರ್ಷವಿಡೀ ಕೈಗೆ ಸಿಗುವ ಕಪಾಟಿನಲ್ಲಿ ಇಟ್ಟರೆ ರಜೆಯ ಪುಸ್ತಕ ಅನ್ನುವ ವಿಶೇಷ ಹೋಗುತ್ತದೆ. ತೇವ ಇರುವ ಜಾಗ ಬೇಡ. ಗೆದ್ದಲು, ಬೆಳ್ಳಿಹುಳದ ಕಾಟ ಇದ್ದರೆ ನೆಲಕ್ಕೆ, ಗೋಡೆಗೆ ತಾಗದ ಹಾಗೆ ಇಡಿ, ನಡುವೆ ಒಮ್ಮೆ ತೆಗೆದು ಗಾಳಿಯಾಡಿಸಿ.

ಮುಂದಿನ ರಜೆಯ ಪುಸ್ತಕವನ್ನು ಈಗಲೇ ಕೊಂಡು ಇಡಬೇಡಿ. ಒಂದು ವರ್ಷದಲ್ಲಿ ಮಕ್ಕಳು ಎಲ್ಲಿಂದ ಎಲ್ಲಿಗೋ ಹೋಗಿರುತ್ತಾರೆ, ಈಗ ಆರಿಸಿದ್ದು ಆಗ ಸಪ್ಪೆ ಆಗಬಹುದು. ನಡುವೆ ಕಣ್ಣಿಗೆ ಬಿದ್ದ ಹೆಸರುಗಳನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಂಡು, ರಜೆಗೆ ಎರಡು ವಾರ ಇರುವಾಗ ಅದರಲ್ಲಿ ಎರಡನ್ನು ತರಿಸಿ, ಹಂತ 2ರಲ್ಲಿ ಹೇಳಿದ ಹಾಗೆ ನೀವು ಓದಿ ನೋಡಿ, ಒಂದನ್ನು ಇಟ್ಟುಕೊಳ್ಳಿ.